ಗಾಳಿ ಬೀಸುವ ದಿನ ಅವಾಜಿ ದ್ವೀಪಕ್ಕೆ ಪ್ರದಕ್ಷಿಣೆಯೋ, ಅಪ್ರದಕ್ಷಿಣೆಯೋ?

ಓದುಗರ ಪ್ರಶ್ನೆ: ಚಳಿಗಾಲದಲ್ಲಿ ಜಪಾನಿನ ಅವಾಜಿ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತಬೇಕೆಂದಿದ್ದೇನೆ. ಸಮುದ್ರ ಎಡಕ್ಕಿರುವಂತೆ ಪ್ರದಕ್ಷಿಣವಾಗಿ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ವಾಯವ್ಯದಿಂದ ಸೆಕೆಂಡಿಗೆ 7–8 ಮೀಟರ್ ಗಾಳಿ ಇರುವ ದಿನ ಹೊರಡಬಹುದೇ? ಹೇಗೂ ಸುತ್ತು ಹೊಡೆಯುವುದು ತಾನೇ, ಅರ್ಧ ದಾರಿ ಎದುರುಗಾಳಿ ಇದ್ದರೆ ಉಳಿದರ್ಧ ಬೆನ್ನಿಗೆ ಬಂದು ಸರಿಹೋಗುವುದಿಲ್ಲವೇ?

ಉತ್ತರ: ಸರಿಹೋಗುವುದಿಲ್ಲ. ಅಂಥ ದಿನ ಪೂರ್ತಿ ಸುತ್ತನ್ನು ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಎರಡು ದಿನಕ್ಕೆ ಹಂಚಿಕೊಳ್ಳಿ, ಇಲ್ಲವೇ ಪೂರ್ವ ಕರಾವಳಿಯಷ್ಟನ್ನೇ ಓಡಿಸಿ ಬನ್ನಿ. ಗಾಳಿ ನಿಜವಾಗಿ ವಾಯವ್ಯದ್ದೇ ಆಗಿದ್ದು ಸುತ್ತಲೇಬೇಕು ಎಂದಿದ್ದರೆ ಅಪ್ರದಕ್ಷಿಣವಾಗಿ, ಪಶ್ಚಿಮ ಕರಾವಳಿಯನ್ನು ಬೆಳಿಗ್ಗೆಯೇ ಮುಗಿಸುವಂತೆ ಹೊರಡಿ. ಅದೇ ಗಾಳಿ ತಿರುಗಿ ನೇರ ಪಶ್ಚಿಮದಿಂದ ಬೀಸುತ್ತಿದ್ದರೆ ಮಾತ್ರ ನಮ್ಮ ಸಲಹೆ ತಲೆಕೆಳಗಾಗುತ್ತದೆ.

ಮೊದಲು ‘ಸರಿಹೋಗುತ್ತದೆ’ ಎಂಬ ಲೆಕ್ಕ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಚೀಲ ಕಟ್ಟಿದ ಟೂರಿಂಗ್ ಸೈಕಲ್, ಸವಾರ ಎಲ್ಲ ಸೇರಿ 95 ಕಿಲೋ ಇದ್ದು, ಕಾಲು 100 ವ್ಯಾಟ್ ಶಕ್ತಿ ಕೊಡುತ್ತಿದೆ ಎನ್ನೋಣ. ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ ಗಂಟೆಗೆ ಸುಮಾರು 22 ಕಿ.ಮೀ. ವೇಗ ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ಎದುರುಗಾಳಿ ಬಂದರೆ ಅದೇ ಶಕ್ತಿಗೆ 14ಕ್ಕಿಂತ ಕಡಿಮೆ, ಅಷ್ಟೇ ಗಾಳಿ ಬೆನ್ನಿಗಿದ್ದರೆ ಸುಮಾರು 33. ಈಗ 50 ಕಿ.ಮೀ. ಹೋಗಿ 50 ಕಿ.ಮೀ. ಬನ್ನಿ. ಗಾಳಿಯಿಲ್ಲದ ದಿನ ನಾಲ್ಕೂವರೆ ಗಂಟೆ, ಗಾಳಿಯ ದಿನ ಐದು ಗಂಟೆ ದಾಟುತ್ತದೆ. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು, ಹಾಗಾಗಿ ಕಳೆದದ್ದು ಪೂರ್ತಿ ಮರಳುವುದಿಲ್ಲ. ಅಡ್ಡಗಾಳಿಯೂ ಬಿಟ್ಟಿಯಲ್ಲ. ಗಂಟೆಗೆ 20 ಕಿ.ಮೀ. ಓಡಿಸುವಾಗ ಪಕ್ಕದಿಂದ 8 ಮೀಟರ್ ಗಾಳಿ ಹೊಡೆದರೆ ಮುಂದಕ್ಕೆ ಹೋಗುವ ತಡೆ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ. ಅಂದರೆ ದ್ವೀಪ ಸುತ್ತುವವರಿಗೆ ಎದುರು, ಎಡ, ಬಲ ಮೂರೂ ಕಡೆಯ ಗಾಳಿ ನಷ್ಟ, ಬೆನ್ನಿನದೊಂದೇ ಲಾಭ.

ಇನ್ನು ದ್ವೀಪದ ಆಕಾರ. ಸುತ್ತುದಾರಿ ಸುಮಾರು 150 ಕಿ.ಮೀ.; ಈ ಸವಾರಿಗೆ ಅಲ್ಲಿ ‘ಅವಾಇಚಿ’ ಎನ್ನುತ್ತಾರೆ. ಜಪಾನಿನಲ್ಲೂ ನಮ್ಮಂತೆ ಎಡಬದಿಯ ಸಂಚಾರ. ದ್ವೀಪ ಬಲಕ್ಕೆ, ಸಮುದ್ರ ಎಡಕ್ಕೆ ಇಟ್ಟುಕೊಂಡು ಹೋಗುವುದು ಅಕ್ಷರಶಃ ಪ್ರದಕ್ಷಿಣೆ. ಉತ್ತರ ತುದಿಯ ಇವಾಯಾದಿಂದ ಹೊರಟು ಪೂರ್ವ ಕರಾವಳಿಯಲ್ಲಿ ಸುಮೊಟೊ, ಆಮೇಲೆ ಯುರಾ, ದಕ್ಷಿಣದ ಕಡಿದಾದ ಕರಾವಳಿ, ನೈಋತ್ಯದ ಫುಕುರಾ ಬಂದರು, ಕೊನೆಗೆ ಪಶ್ಚಿಮ ಕರಾವಳಿಯ ‘ಸನ್‌ಸೆಟ್ ಲೈನ್’ ಹಿಡಿದು ಮತ್ತೆ ಇವಾಯಾ. ಸಮುದ್ರದ ಬದಿಯಲ್ಲೇ ಇರುವುದರಿಂದ ನೋಟ ಚೆನ್ನ, ಎದುರು ಲೇನ್ ದಾಟುವ ಪ್ರಮೇಯ ಕಡಿಮೆ. ಗಾಳಿಯಿಲ್ಲದ ದಿನ ಈ ಸಲಹೆಯಲ್ಲಿ ಯಾವ ದೋಷವೂ ಇಲ್ಲ.

ಆದರೆ ಪಶ್ಚಿಮ ಕರಾವಳಿ ನೇರ ಉತ್ತರ–ದಕ್ಷಿಣವಾಗಿಲ್ಲ. ಇವಾಯಾದಿಂದ ಗುಂಗೆ ಊರು ದಾಟಿ ಕೇಯಿನೊ ಮಾತ್ಸುಬಾರಾದವರೆಗೆ ಅದು ಈಶಾನ್ಯದಿಂದ ನೈಋತ್ಯಕ್ಕೆ ಓರೆಯಾಗಿ ಇಳಿಯುತ್ತದೆ. ಎದುರಿಗೆ ಹರಿಮಾ ಕಡಲು, ನಡುವೆ ಒಂದು ಮರೆಯೂ ಇಲ್ಲ. ಹೀಗಾಗಿ ವಾಯವ್ಯದ ಗಾಳಿ ಈ ರಸ್ತೆಗೆ ಲಂಬವಾಗಿ, ಪಕ್ಕಾ ಅಡ್ಡಗಾಳಿಯಾಗಿ ಬಡಿಯುತ್ತದೆ. ಪ್ರದಕ್ಷಿಣೆಯಲ್ಲಿ ಬರುವವರಿಗೆ ಅದು ಎಡಗಡೆಯಿಂದ ಹೊಡೆದು ರಸ್ತೆಯ ಮಧ್ಯಕ್ಕೆ, ಹಿಂದಿನಿಂದ ಬರುವ ವಾಹನಗಳತ್ತ ತಳ್ಳುತ್ತದೆ. ಅದೂ 90 ಕಿ.ಮೀ. ಓಡಿಸಿ ದಣಿದ ಮೇಲೆ, ದಿನದ ಗಾಳಿ ಜೋರಾಗಿರುವ ಮಧ್ಯಾಹ್ನದ ಹೊತ್ತಿಗೆ. ಸಮುದ್ರದ ಅಂಚಿನ ಲೇನಿನಲ್ಲಿರುವುದರಿಂದ ತಡೆಗೋಡೆಗೆ ಅಪ್ಪಳಿಸಿದ ಅಲೆಯ ಸಿಂಚನವೂ ಮೈಮೇಲೆ ಬೀಳುತ್ತದೆ.

ಅಪ್ರದಕ್ಷಿಣವಾಗಿ ಹೋದರೆ ಈ ಭಾಗ ಬೆಳಿಗ್ಗೆಯೇ, ಕಾಲಲ್ಲಿ ಬಲ ಇರುವಾಗಲೇ ಮುಗಿಯುತ್ತದೆ. ಗಾಳಿ ಬಲದಿಂದ ಹೊಡೆದು ರಸ್ತೆಯ ಅಂಚಿಗೆ ತಳ್ಳುತ್ತದೆ. ಅದು ಒಳ್ಳೆಯದಲ್ಲ, ಆದರೆ ಲಾರಿಯತ್ತ ತಳ್ಳುವುದಕ್ಕಿಂತ ವಾಸಿ. ವಾಪಸು ಬರುವ ಪೂರ್ವ ಕರಾವಳಿಗೆ ದ್ವೀಪದ ಬೆಟ್ಟಸಾಲೇ ಮರೆ. ಗಾಳಿ ಎದುರಿನ ಎಡದಿಂದ ಬಂದರೂ ಬಹಳಷ್ಟು ಕಡೆ ಅದರ ಕಸುವು ಕುಗ್ಗಿರುತ್ತದೆ, ಊರುಗಳೂ ಅಂಗಡಿಗಳೂ ಹತ್ತಿರ ಹತ್ತಿರ ಇವೆ.

ನೇರ ಪಶ್ಚಿಮದ ಗಾಳಿಯಾದರೆ ಅಪ್ರದಕ್ಷಿಣೆಯಲ್ಲಿ ನೈಋತ್ಯಕ್ಕೆ ಹೋಗುವವರಿಗೆ ಅದು ಎದುರಿನ ಬಲದಿಂದ, ಪ್ರದಕ್ಷಿಣೆಯಲ್ಲಿ ಈಶಾನ್ಯಕ್ಕೆ ಬರುವವರಿಗೆ ಬೆನ್ನಿನ ಎಡದಿಂದ. ಆಗ ಪ್ರದಕ್ಷಿಣೆಯೇ ಸರಿ. ಬೇಸಿಗೆಯಲ್ಲಿ ದಕ್ಷಿಣ ಅಥವಾ ನೈಋತ್ಯದ ಗಾಳಿ ಇರುವ ದಿನಗಳಿಗಂತೂ ಪ್ರದಕ್ಷಿಣೆ ಹೇಳಿ ಮಾಡಿಸಿದ ಹಾಗಿದೆ: ಗಾಳಿ ಏಳುವ ಮುನ್ನ ಪೂರ್ವದಲ್ಲಿ ಇಳಿದುಬಿಡಬಹುದು, ಮಧ್ಯಾಹ್ನ ಪಶ್ಚಿಮದಲ್ಲಿ ಅದೇ ಗಾಳಿ ಇವಾಯಾದವರೆಗೆ ನೂಕಿಕೊಂಡು ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಶೀತ ಮಾರುತದ ಮುಖ, ಅಂದರೆ ಮುನ್ನುಗ್ಗುವ ತಣ್ಣನೆ ಗಾಳಿರಾಶಿಯ ಅಂಚು, ದಾಟುವ ದಿನ, ವಸಂತದಲ್ಲಿ ಹೆಚ್ಚು. ಬೆಳಿಗ್ಗೆ ದಕ್ಷಿಣದ ಗಾಳಿ, ಒಂದು ಬಿರುಮಳೆ, ಆಮೇಲೆ ಏಕಾಏಕಿ ವಾಯವ್ಯದ ಗಾಳಿ. ದಕ್ಷಿಣಕ್ಕೆ ಹೋಗುವಾಗಲೂ ಎದುರು, ಮರಳುವಾಗಲೂ ಹೊಡೆತ. ಆ ದಿನ ಬಿಡಿ.

ವರದಿ ಓದುವುದು ಹೇಗೆ? ಜಪಾನಿನಲ್ಲಿ ಗಾಳಿಯನ್ನು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ನಿಮ್ಮ ಫೋನಿನ ಆ್ಯಪ್ ಗಂಟೆಗೆ ಕಿಲೋಮೀಟರಿನಲ್ಲಿ ತೋರಿಸುತ್ತಿದ್ದರೆ 3.6ರಿಂದ ಭಾಗಿಸಿ; ‘8’ ಎಂದು ಓದಿ ಬರೀ ಎಂಟು ಕಿಲೋಮೀಟರ್ ಅಂದುಕೊಂಡು ಹೊರಟವರು ಎದುರಿಸುವುದು 29 ಕಿ.ಮೀ. ವೇಗದ ಗಾಳಿಯನ್ನು. ಇನ್ನೊಂದು ಮಾತು: ಆ ಅಂಕಿ ಹತ್ತು ನಿಮಿಷದ ಸರಾಸರಿ. ಕ್ಷಣದ ಹೊಡೆತ ಅದರ ಒಂದೂವರೆ ಪಟ್ಟು ಇರುವುದು ಸಾಮಾನ್ಯ, ಕೆಲವೊಮ್ಮೆ ಮೂರು ಪಟ್ಟನ್ನೂ ಮುಟ್ಟುತ್ತದೆ ಎಂದು ಜಪಾನಿನ ಹವಾಮಾನ ಸಂಸ್ಥೆಯೇ ಎಚ್ಚರಿಸುತ್ತದೆ. ಅದರ ವರ್ಗೀಕರಣದಲ್ಲಿ 10ರಿಂದ 15 ಮೀಟರ್ ಎಂದರೆ ‘ಸ್ವಲ್ಪ ಜೋರು ಗಾಳಿ’: ಎದುರಾಗಿ ನಡೆಯುವುದು ಕಷ್ಟ, ಕೊಡೆ ಬಿಚ್ಚಲಾಗದು. ಹೆಸರು ಸೌಮ್ಯವಾಗಿದೆ, ಸೈಕಲ್ ಸವಾರರಿಗೆ ಅದು ಸೌಮ್ಯವಲ್ಲ.

ಅವಾಜಿಯಲ್ಲಿ ಈ ಸಂಸ್ಥೆಯ ‘ಅಮೆದಾಸ್’ ಮಾಪನ ಕೇಂದ್ರಗಳು ಪಶ್ಚಿಮದ ಗುಂಗೆಯಲ್ಲೂ ಪೂರ್ವದ ಸುಮೊಟೊದಲ್ಲೂ ಇವೆ. ಹೊರಡುವ ಮುನ್ನ ಎರಡನ್ನೂ ನೋಡಿ. ಗುಂಗೆಯಲ್ಲಿ ಜೋರು, ಸುಮೊಟೊದಲ್ಲಿ ಮೆಲು ಎಂದಿದ್ದರೆ ಬೆಟ್ಟದ ಮರೆ ಕೆಲಸ ಮಾಡುತ್ತಿದೆ ಎಂದರ್ಥ. ಚಳಿಗಾಲದ ಹವಾಮಾನ ನಕ್ಷೆಯಲ್ಲಿ ಸಮಒತ್ತಡ ರೇಖೆಗಳು ಜಪಾನಿನ ಮೇಲೆ ಉತ್ತರ–ದಕ್ಷಿಣವಾಗಿ, ಒತ್ತೊತ್ತಾಗಿ ನಿಂತಿದ್ದರೆ ಸಂಜೆಯಾದರೂ ಗಾಳಿ ಇಳಿಯುತ್ತದೆಂದು ನಂಬಿಕೊಳ್ಳಬೇಡಿ.

ನಮ್ಮ ಅಳತೆಗೋಲು ಇದು. ಸರಾಸರಿ 5 ಮೀಟರಿನೊಳಗೆ ಇದ್ದರೆ ಯೋಚಿಸದೆ ಹೊರಡಿ. 5ರಿಂದ 8ರೊಳಗೆ ದಿಕ್ಕು ಆರಿಸಿ, ದೂರ ಕಡಿಮೆ ಮಾಡಿ. 8 ದಾಟಿದರೆ ಮರೆ ಇರುವ ಕರಾವಳಿ ಮಾತ್ರ, ಅದೂ ಅನುಭವಿಗಳಿಗೆ. 10 ದಾಟಿದರೆ, ಅಥವಾ ‘ಕ್ಯೋಫೂ ಚೂಯಿಹೋ’ ಎಂಬ ಜೋರುಗಾಳಿಯ ಎಚ್ಚರಿಕೆ ಹೊರಟಿದ್ದರೆ, ಸೈಕಲ್ ಕೋಣೆಯಲ್ಲೇ ಇರಲಿ.

ಬೀಳಿಸುವುದು ಒಂದೇ ಸಮನೆ ಬೀಸುವ ಗಾಳಿಯಲ್ಲ, ಇದ್ದಕ್ಕಿದ್ದಂತೆ ಬಂದು ಇದ್ದಕ್ಕಿದ್ದಂತೆ ನಿಲ್ಲುವ ಗಾಳಿ. ತಡೆಗೋಡೆ ಮುಗಿಯುವ ಜಾಗ, ಭೂಶಿರದ ತಿರುವು, ಎರಡು ಕಟ್ಟಡಗಳ ಸಂದು, ತೊರೆ ಕಡಲು ಸೇರುವಲ್ಲಿನ ಸೇತುವೆ, ಇವೆಲ್ಲ ಅಂಥ ಜಾಗಗಳು. ಅಪ್ರದಕ್ಷಿಣೆಯಲ್ಲಿ ಇನ್ನೊಂದಿದೆ: ಬಲದ ಗಾಳಿಗೆ ಮೈ ವಾಲಿಸಿ ಓಡಿಸುತ್ತಿರುವಾಗ ಬಲಗಡೆ ಲಾರಿಯೊಂದು ದಾಟಿದರೆ ಒಂದು ಕ್ಷಣ ಗಾಳಿ ನಿಂತುಬಿಡುತ್ತದೆ. ವಾಲಿದ ಮೈಗೆ ಆಸರೆ ತಪ್ಪಿ ಸೈಕಲ್ ಲಾರಿಯ ಕಡೆಗೇ ಸರಿಯುತ್ತದೆ, ಲಾರಿ ಮುಂದೆ ಹೋದೊಡನೆ ಗಾಳಿ ಮತ್ತೆ ರಪ್ಪನೆ ಹೊಡೆಯುತ್ತದೆ. ಹಿಂದಿನಿಂದ ದೊಡ್ಡ ವಾಹನದ ಸದ್ದು ಕೇಳಿದರೆ ಪೆಡಲ್ ನಿಧಾನಿಸಿ, ಮೈ ನೆಟ್ಟಗೆ ಮಾಡಿಕೊಳ್ಳಿ, ಅಂಚಿನಿಂದ ಒಂದು ಮೀಟರಿನಷ್ಟು ಜಾಗ ಮೊದಲೇ ಉಳಿಸಿಕೊಂಡಿರಿ. ರಸ್ತೆ ಕಿರಿದಾಗಿದ್ದರೆ ನಿಂತು ಬಿಟ್ಟುಕೊಡಿ. ನಾಲ್ಕು ಸೆಕೆಂಡಿನ ಮಾತು.

ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ. ಭುಜ ಸೆಟೆದರೆ ಗಾಳಿಯ ಹೊಡೆತವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ. ಮೊಣಕೈ ಮಡಚಿ, ಕೆಳಬಾಗಿದ ಹಿಡಿಯಲ್ಲಿ ಕೈಯಿಟ್ಟು, ಒಂದು ಗೇರು ಹಗುರ ಮಾಡಿ ಕಾಲಾಡಿಸುತ್ತಲೇ ಇರಿ. ಪೆಡಲಿಗೆ ಸತತ ಒತ್ತಡ ಇದ್ದರೆ ಸೈಕಲ್ ಅಲುಗುವುದು ಕಡಿಮೆ. ಇಳಿಜಾರಿನಲ್ಲಿ 25 ಕಿ.ಮೀ. ಮೀರಬೇಡಿ.

ಬಾಡಿಗೆ ಸೈಕಲ್ ಆರಿಸುವಾಗ ಆಳವಾದ ಕಾರ್ಬನ್ ರಿಮ್ ಬೇಡವೆನ್ನಿ, ಮುಂದಿನ ಚಕ್ರಕ್ಕಂತೂ ಖಂಡಿತ ಬೇಡ, 50 ಮಿ.ಮೀ. ರಿಮ್ ಅಡ್ಡಗಾಳಿಗೆ ಹಾಯಿಯಂತೆ ಸಿಕ್ಕಿ ಹ್ಯಾಂಡಲನ್ನೇ ತಿರುಗಿಸುತ್ತದೆ. ಭಾರ ಹಿಂದೆ, ಕೆಳಗೆ ಇರಲಿ. ಫ್ರೇಮಿನ ತ್ರಿಕೋನವನ್ನು ಪೂರ್ತಿ ಮುಚ್ಚುವ ಚೀಲ ಅಂದು ತೆಗೆದಿಡಿ. ಪಟಪಟ ಬಡಿಯುವ ಸಡಿಲ ಜಾಕೆಟ್ಟೂ ಪೋಂಚೊವೂ ಬೇಡ. 5 ಡಿಗ್ರಿ ಚಳಿಯಲ್ಲಿ ಸೆಕೆಂಡಿಗೆ 10 ಮೀಟರ್ ಗಾಳಿ ಮೈಗೆ ತಾಕಿದರೆ ಚರ್ಮಕ್ಕೆ ಅದು ಸುಮಾರು 0 ಡಿಗ್ರಿಯ ಅನುಭವ. ಕೈಗವಸು ಗಾಳಿ ತಡೆಯುವಂಥದ್ದೇ ಇರಲಿ, ಬೆರಳು ಮರಗಟ್ಟಿದರೆ ಬ್ರೇಕ್ ಸಿಗದು.

ಹಿಂದೆ ಸರಿಯುವ ದಾರಿಗಳನ್ನು ಮೊದಲೇ ತಿಳಿದಿರಿ, ಏಕೆಂದರೆ ಅವಾಜಿಯಲ್ಲಿ ರೈಲಿಲ್ಲ. ಸುಮೊಟೊ–ಫುಕುರಾ ನಡುವೆ 23.4 ಕಿ.ಮೀ. ರೈಲು ಇತ್ತು, 1966ರಲ್ಲಿ ಮುಚ್ಚಿತು. ಸೈಕಲ್ಲನ್ನು ಬಿಚ್ಚಿ ‘ರಿಂಕೋ’ ಚೀಲಕ್ಕೆ ತುಂಬಿ ರೈಲು ಹತ್ತುವ ಜಪಾನಿನ ಮಾಮೂಲಿ ಉಪಾಯ ಇಲ್ಲಿ ನಡೆಯದು. ಆದರೆ ಆ ರೈಲು ಓಡಿದ ಬಯಲು ನಿಮಗೆ ಉಪಯೋಗಕ್ಕೆ ಬರುತ್ತದೆ: ಸುಮೊಟೊದಿಂದ ಒಳನಾಡಿನ 28ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಈರುಳ್ಳಿ ಹೊಲಗಳ ನಡುವೆ ಫುಕುರಾ ಸೇರಿದರೆ ದಕ್ಷಿಣ ಕರಾವಳಿ ಪೂರ್ತಿ ತಪ್ಪುತ್ತದೆ. ಗಾಳಿಯ ದಿನ ಇದನ್ನೇ ಮಾಡಿ. ದಕ್ಷಿಣ ಕರಾವಳಿಯ ಮೇಲೆ 608 ಮೀಟರ್ ಎತ್ತರದ ಯುಜುರುಹಾ ಬೆಟ್ಟ ಕಡಿದಾಗಿ ನಿಂತಿದೆ. ಮರೆ ಇದ್ದಂತೆ ಕಂಡರೂ ಇಳಿಜಾರಿನಿಂದ ಗಾಳಿ ಜಾರಿ ಬಂದು ಎತ್ತೆತ್ತಲಿಂದಲೋ ಹೊಡೆಯುತ್ತದೆ. ಯುರಾ ಮತ್ತು ಫುಕುರಾ ನಡುವೆ ಅಂಗಡಿಗಳೂ ಬಹಳ ವಿರಳ. ಪಶ್ಚಿಮದಿಂದ ತಪ್ಪಿಸಿಕೊಳ್ಳಬೇಕಾದರೆ ಗುಂಗೆಯಿಂದ ಬೆಟ್ಟ ದಾಟಿ ಪೂರ್ವದ ಷಿಜುಕಿಗೆ ಹೋಗುವ ರಸ್ತೆಯಿದೆ. ಏರು ಇದೆ, ಆದರೆ ಏರಿನಲ್ಲಿ ನಿಧಾನವಾಗಿ ಹೋಗುವವರನ್ನು ಗಾಳಿ ಅಷ್ಟಾಗಿ ಕಾಡದು.

ದ್ವೀಪ ಬಿಡುವುದರ ಬಗ್ಗೆಯೂ ಯೋಚಿಸಿ. ಉತ್ತರದಲ್ಲಿ ದ್ವೀಪವನ್ನು ಜಪಾನಿನ ಮುಖ್ಯ ಭೂಭಾಗಕ್ಕೆ ಸೇರಿಸುವ ಅಕಾಶಿ ಸೇತುವೆಯ ಮೇಲೆ ಸೈಕಲ್ ಬಿಡುವುದಿಲ್ಲ. ಅಕಾಶಿ–ಇವಾಯಾ ನಡುವೆ ಸೈಕಲ್ ಸಮೇತ 13 ನಿಮಿಷದಲ್ಲಿ ದಾಟಿಸುವ ಜೆನೋವಾ ಲೈನ್ ಸಣ್ಣ ಹಡಗು. ಗಾಳಿ ಜೋರಾದರೆ ನಿಲ್ಲುತ್ತದೆ. ಬೆಳಿಗ್ಗೆ ಓಡಿದ್ದು ಸಂಜೆ ಓಡದೇ ಇರಬಹುದು. ಉಳಿಯುವುದು ಬಸ್, ಅದಕ್ಕೆ ಸೈಕಲ್ ಬಿಚ್ಚಿ ಚೀಲದೊಳಗೆ ಇಡಬೇಕು, ಹತ್ತಿಸಿಕೊಳ್ಳುವುದು ಆ ಬಸ್ಸಿನವರ ನಿಯಮಕ್ಕೆ ಬಿಟ್ಟದ್ದು. ಹಾಗಾಗಿ ರಿಂಕೋ ಚೀಲ ಜೊತೆಗಿರಲಿ, ಮರುದಿನ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಇಟ್ಟುಕೊಂಡು ಈ ಸುತ್ತಿಗೆ ಇಳಿಯಬೇಡಿ. ಡಿಸೆಂಬರಿನಲ್ಲಿ ಸೂರ್ಯ 5 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ದೀಪ ಎರಡೂ ಕಡೆ ಬೇಕು.

ತಿನ್ನುವುದನ್ನು ದೂರದ ಮೇಲಲ್ಲ, ಹೊತ್ತಿನ ಮೇಲೆ ಲೆಕ್ಕ ಹಾಕಿ. ಗಂಟೆಗೊಂದು ಓನಿಗಿರಿ, ಅಂದರೆ ಅಲ್ಲಿನ ಅಂಗಡಿಗಳಲ್ಲಿ ಸಿಗುವ ಅನ್ನದ ಮುದ್ದೆ, 40 ಗ್ರಾಂ ಆಸುಪಾಸು ಪಿಷ್ಟ ಕೊಡುತ್ತದೆ. ಗಾಳಿಗೆ ಬೆವರು ಕಾಣಿಸದೆ ಆರಿಹೋಗುವುದರಿಂದ ಬಾಯಾರಿಕೆಗಾಗಿ ಕಾಯದೆ ನೀರು ಕುಡಿಯಿರಿ. ನಿಂತಾಗ ಸೈಕಲ್ಲನ್ನು ತಡೆಬೇಲಿಗೆ ಒರಗಿಸಬೇಡಿ, ಚೈನ್ ಮೇಲಿರುವಂತೆ ನೆಲಕ್ಕೆ ಮಲಗಿಸಿ. ಸಂಜೆ ಪಶ್ಚಿಮ ಕರಾವಳಿಯ ಉಪ್ಪನ್ನು ತೊಳೆಯಲು ಒತ್ತಡದ ನೀರು ಬೇಡ, ಒಂದು ಬಾಟಲಿ ಸಿಹಿನೀರು ಸಾಕು. ಬಟ್ಟೆಯಲ್ಲಿ ಒರೆಸಿ, ಚೈನಿನ ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಐದು ನಿಮಿಷ ಬಿಟ್ಟು ಹೊರಗಿನ ಜಿಡ್ಡನ್ನೆಲ್ಲ ಒರೆಸಿಬಿಡಿ. ಮುಂದೂಡಿದರೆ ಬೆಳಗಾಗುವಷ್ಟರಲ್ಲಿ ಕೊಂಡಿಗಳ ಮೇಲೆ ಕೆಂಪು ತುಕ್ಕು ಕಾಣಿಸುತ್ತದೆ.