ಬೆನ್ನೇರುವ ಮುಂಚೆ: ಎಳೆ ಕುದುರೆಗೆ ನೆಲದ ಪಾಠ ಮತ್ತು ಲಂಜಿಂಗ್

3 ವರ್ಷದ ಕುದುರೆ ನೋಡೋಕೆ ಪೂರ್ತಿ ಬೆಳೆದ ಹಾಗೇ ಕಾಣುತ್ತದೆ. ಆದರೆ ಅದರ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ. ಗೊರಸಿನ ಹತ್ತಿರದ ಮೂಳೆಗಳು ಬೇಗ ಗಟ್ಟಿಯಾಗುತ್ತವೆ. ಬೆನ್ನುಮೂಳೆಯ ಸರದಿ ಕೊನೆಗೆ, 5 ವರ್ಷ ದಾಟಿದ ಮೇಲೆ. ಹಾಗಾಗಿ ಬೆನ್ನ ಮೇಲೆ ಭಾರ ಹಾಕುವ ಆತುರ ಬೇಡ. ನೆಲದ ಮೇಲೆ ನಿಂತೇ ಕಲಿಸಬಹುದಾದ್ದು ಬೇಕಾದಷ್ಟಿದೆ.

ಎಲ್ಲದಕ್ಕೂ ಆಧಾರ ಒಂದೇ. ಒತ್ತಡ ಕೊಟ್ಟಾಗ ಕುದುರೆ ಉತ್ತರ ಹುಡುಕುತ್ತದೆ. ಒತ್ತಡ ಬಿಟ್ಟಾಗ, ಆ ಗಳಿಗೆಯಲ್ಲಿ ತಾನು ಏನು ಮಾಡುತ್ತಿತ್ತೋ ಅದೇ ಸರಿಯಾದ ಉತ್ತರ ಅಂದುಕೊಳ್ಳುತ್ತದೆ. ಹಿಂದಕ್ಕೆ ಸರಿಯೋದನ್ನು ಕಲಿಸುವಾಗ ಎದೆಗೆ ಬೆರಳೊತ್ತಿ ಕಾಯಿರಿ. ಹೆಜ್ಜೆ ಇಡದೆ ಮೈಭಾರವನ್ನು ಒಂಚೂರು ಹಿಂದಕ್ಕೆ ವಾಲಿಸಿದರೂ ಸಾಕು, ಕೈ ತೆಗೆಯಿರಿ. ಅದು ಮುಂದಕ್ಕೆ ನುಗ್ಗುವಾಗ ಕೈ ತೆಗೆದಿರೋ, ನುಗ್ಗೋದನ್ನೇ ಕಲಿಸಿದ ಹಾಗಾಯಿತು.

ನಡೆಸಿಕೊಂಡು ಹೋಗುವಾಗ ಭುಜದ ಪಕ್ಕದಲ್ಲಿರಿ. ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ನಿಂತವರು ಕುದುರೆಗೆ ಕಾಣುವುದಿಲ್ಲ. ಎಡಗಡೆಯಿಂದಲೇ ನಡೆಸುವುದು ರೂಢಿ, ಆದರೆ ಬಲಗಡೆಯಿಂದಲೂ ಅಭ್ಯಾಸ ಮಾಡಿಸಿ. ಎಡಗಣ್ಣಿಗೆ ಪರಿಚಯವಾದ ಪ್ಲಾಸ್ಟಿಕ್ ಚೀಲ ಬಲಗಣ್ಣಿಗೆ ಕಂಡಾಗ ಹೊಸದಾಗಿ ಬೆಚ್ಚುವ ಕುದುರೆಗಳು ಬಹಳ.

ನನ್ನ ಪ್ರಕಾರ ಜಾಸ್ತಿ ಉಪಯೋಗಕ್ಕೆ ಬರುವ ಪಾಠ ಹಿಂಭಾಗ ಸರಿಸುವುದು. ಕುದುರೆಯ ಸೊಂಟವನ್ನೇ ನೋಡುತ್ತಾ ಅದರ ಕಡೆಗೆ ಹೆಜ್ಜೆ ಹಾಕಿ. ನಿಮ್ಮ ಕಡೆಯ ಹಿಂಗಾಲು ಇನ್ನೊಂದರ ಮುಂದೆ ಅಡ್ಡ ಹಾಯಬೇಕು. ಕುದುರೆಯ ಎಂಜಿನ್ ಇರೋದೇ ಹಿಂಗಾಲಲ್ಲಿ. ಆ ಕಾಲುಗಳು ಅಡ್ಡ ಬಂದಾಗ ಜಿಗಿದು ಓಡುವ ಬಲ ಸಿಗುವುದಿಲ್ಲ. ಬೆದರಿದ ಕುದುರೆಯನ್ನು ಹಿಡಿದು ಎಳೆದಾಡುವ ಬದಲು ಇದನ್ನು ಮಾಡಿಸಿ ನೋಡಿ.

ಇಷ್ಟು ಬಂದ ಮೇಲೆ ಲಂಜಿಂಗ್. ಅಂದರೆ 7–8 ಮೀಟರ್ ಹಗ್ಗದ ತುದಿಯಲ್ಲಿ ಕುದುರೆಯನ್ನು ಸುತ್ತ ನಡೆಸುವುದು. ಹಗ್ಗವನ್ನು ಕಡಿವಾಣಕ್ಕೆ ಸಿಕ್ಕಿಸಿದರೆ ಎಳೆದಾಗೆಲ್ಲ ಎಳೆ ಬಾಯಿಗೆ ನೋವು. ಮೂಗಿನ ಮೇಲೆ ಬಳೆ ಇರುವ ಕ್ಯಾವೆಸನ್ ಎಂಬ ತಲೆಪಟ್ಟಿ ವಾಸಿ. ಗ್ಲೌಸ್, ಹೆಲ್ಮೆಟ್ ಬಿಡಬೇಡಿ. ಮಿಕ್ಕ ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಸೀರೆ ನೆರಿಗೆ ಹಿಡಿದ ಹಾಗೆ ಮಡಿಕೆ ಮಡಿಕೆಯಾಗಿ ಹಿಡಿಯಿರಿ. 450 ಕಿಲೋ ಪ್ರಾಣಿ ಒಮ್ಮೆ ಜಗ್ಗಿದರೆ ಮಡಿಕೆ ಜಾರಿ ಹೋಗುತ್ತದೆ, ಸುತ್ತಿದ್ದರೆ ಬೆರಳೇ ಹೋಗಬಹುದು.

ಕುದುರೆ ಎಡಕ್ಕೆ ಸುತ್ತುವಾಗ ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಚಾಟಿ. ಹಗ್ಗ, ಚಾಟಿ, ಕುದುರೆ ಮೂರೂ ಸೇರಿ ತ್ರಿಕೋನ, ಅದರ ತುದಿಯಲ್ಲಿ ನೀವು. ನಿಮ್ಮ ಜಾಗ ಜೀನಿನ ಪಟ್ಟಿ ಬರುವ ಕಡೆಗೆ ನೇರವಾಗಿ, ಸ್ವಲ್ಪ ಹಿಂದೆ. ಸೊಂಟದ ಕಡೆ ವಾಲಿದರೆ ಕುದುರೆ ಮುಂದೆ ಹೋಗುತ್ತದೆ, ಭುಜದ ಮುಂದಕ್ಕೆ ಬಂದರೆ ನಿಧಾನವಾಗುತ್ತದೆ. ಅದು ಪದೇ ಪದೇ ನಿಂತು ನಿಮ್ಮ ಕಡೆ ತಿರುಗುತ್ತಿದ್ದರೆ ಹಟಮಾರಿ ಅಂತ ಬೈಯುವ ಮುಂಚೆ ನಿಮ್ಮ ಪಾದ ಎಲ್ಲಿದೆ ನೋಡಿಕೊಳ್ಳಿ. ಸಾಮಾನ್ಯವಾಗಿ ಭುಜಕ್ಕಿಂತ ಮುಂದೆ ಬಂದಿರುತ್ತದೆ, ಅಲ್ವಾ? ಚಾಟಿ ಇರುವುದು ದಿಕ್ಕು ತೋರಿಸೋಕೆ, ಹೊಡೆಯೋಕಲ್ಲ. ದನಿಯೂ ಕೆಲಸ ಮಾಡುತ್ತದೆ. ನಿಧಾನ ಮಾಡಿಸಲು ತಗ್ಗಿದ ದನಿಯಲ್ಲಿ ಎಳೆದು "ವಾ...ಕ್" ಅನ್ನಿ. ವೇಗ ಹೆಚ್ಚಿಸಲು, ಅಂದರೆ ನಡಿಗೆಯಿಂದ ಕುಲುಕೋಟಕ್ಕೆ, ಚುರುಕಾಗಿ "ಟ್ರಾಟ್!"

ಸುತ್ತಿನ ಒಳಬದಿಯ ಕಿವಿ ನಿಮ್ಮ ಕಡೆ ತಿರುಗಿದ್ದರೆ ಗಮನ ನಿಮ್ಮ ಮೇಲಿದೆ ಎಂದರ್ಥ. ತುಟಿ ನೆಕ್ಕಿತು ಅಂದರೆ ಶರಣಾಯಿತು ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಿಗಿದಿದ್ದ ಮೈ ಸಡಿಲವಾಗುವಾಗಲೂ ಕುದುರೆ ನೆಕ್ಕುತ್ತದೆ.

ಸುತ್ತು ಚಿಕ್ಕದಾದಷ್ಟೂ ಕೀಲುಗಳ ಮೇಲೆ ಒತ್ತಡ ಜಾಸ್ತಿ. ಹಗ್ಗ ಪೂರ್ತಿ ಬಿಟ್ಟರೆ ಸುಮಾರು 15 ಮೀಟರ್ ಅಗಲದ ಸುತ್ತು ಸಿಗುತ್ತದೆ. ನೀವೂ ಒಳಗೆ ಸಣ್ಣ ಸುತ್ತು ನಡೆದರೆ ಅದು ಇನ್ನೂ ದೊಡ್ಡದಾಗುತ್ತದೆ. ಎರಡೂ ಕಡೆ ಸೇರಿ 10–15 ನಿಮಿಷ ಸಾಕು. ಟ್ರಾಟಿಗಿಂತ ವೇಗದ ಓಟವಾದ ಕ್ಯಾಂಟರ್‌ಗೆ ಆತುರ ಬೇಡ. ಸುಸ್ತು ಮಾಡಿಸಿ ಪೊಗರು ಇಳಿಸ್ತೀನಿ ಅಂತ ಅರ್ಧ ಗಂಟೆ ಸುತ್ತಿಸುವವರು ಇದ್ದಾರೆ. ಕುದುರೆಗೆ ಓಡುವ ತಾಕತ್ತು ಹೆಚ್ಚುತ್ತದೆ, ಕೀಲು ಸವೆಯುತ್ತದೆ, ಪೊಗರು ಹಾಗೇ ಇರುತ್ತದೆ.

ಬೆಂಗಳೂರಿನ ಕಡೆ ಕಲಿಯುವವರ ಕೈಗೆ ರೇಸ್ ಬಿಟ್ಟ, ಓಟಕ್ಕೆಂದೇ ಬೆಳೆಸಿದ ತಳಿಯ ಥರೋಬ್ರೆಡ್‌ಗಳೂ ಬರುತ್ತವೆ. ವಯಸ್ಸು ನಾಲ್ಕೋ ಐದೋ ಇದ್ದರೂ ಇವಕ್ಕೆ ಪಾಠ ಮೊದಲಿನಿಂದಲೇ. ದೊಡ್ಡ ಟ್ರ್ಯಾಕಿನಲ್ಲಿ ಓಡಿ ಅಭ್ಯಾಸವಾದ ಮೈಗೆ ಸುತ್ತಿನಲ್ಲಿ ಬಾಗುವುದು ಕಷ್ಟ. ಚಾಟಿ ಕಂಡರೆ ಓಡು ಅಂತಲೇ ಅರ್ಥ ಮಾಡಿಕೊಳ್ಳಬಹುದು. ಮೊದಮೊದಲು ಚಾಟಿಯನ್ನು ನೆಲಕ್ಕೆ ತಗ್ಗಿಸಿಟ್ಟು ಬರೀ ವಾಕ್ ಮಾಡಿಸಿ. ಸೈಸ್ (ಕುದುರೆ ನೋಡಿಕೊಳ್ಳುವವರು) ಒಬ್ಬರು ತಲೆಯ ಹತ್ತಿರ ಜೊತೆಗೆ ನಡೆದರೆ ಇನ್ನೂ ಅನುಕೂಲ.

ಟ್ರಾಟ್ ಒಂದೇ ಲಯದಲ್ಲಿ ಬರತೊಡಗಿದ ಮೇಲೆ ನೆಲದ ಮೇಲೆ ಒಂದು ಕಂಬ ಇಟ್ಟು ದಾಟಿಸಬಹುದು. ಸಲೀಸಾಗಿ ದಾಟಿದರೆ ಮೂರು ಕಂಬ, ನಡುವೆ ಸುಮಾರು 1.2–1.4 ಮೀಟರ್ ಅಂತರ. ಕುದುರೆಯ ಹೆಜ್ಜೆ ನೋಡಿ ಹೊಂದಿಸಿಕೊಳ್ಳಿ. ಗೊರಸು ಕಂಬಕ್ಕೆ ತಾಗುತ್ತಿದ್ದರೆ ಮತ್ತೆ ಒಂದೇ ಕಂಬಕ್ಕೆ ಇಳಿಯಿರಿ.