ಮಗನ ಹೆಸರಿನ ಮುಂದೆ ಒಂದೂ ನಕ್ಷತ್ರವಿಲ್ಲ, ಕಾಲೇಜು ಫುಟ್‌ಬಾಲ್ ಆಸೆ ಬಿಡಬೇಕೆ?

ಪ್ರಶ್ನೆ: ನಮ್ಮ ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ, ಶಾಲೆಯ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಆಟಗಾರ. ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲೂ ಅವನ ಹೆಸರಿಲ್ಲ; ಆ ಪಟ್ಟಿಗಳು ಹೈಸ್ಕೂಲ್ ಆಟಗಾರರಿಗೆ ಐದರವರೆಗೆ ನಕ್ಷತ್ರ ಕೊಡುತ್ತವೆ. ನಕ್ಷತ್ರ ಸಿಗದ ಹುಡುಗರನ್ನು ಕಾಲೇಜು ಕೋಚ್‌ಗಳು ನೋಡುತ್ತಾರೆಯೆ?

ಉತ್ತರ: ನೋಡುತ್ತಾರೆ. ಸೀಸನ್ ಶುರುವಾಯಿತೆಂದರೆ ಅಮೆರಿಕದಲ್ಲಿರುವ ಕನ್ನಡದ ತಂದೆತಾಯಂದಿರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಚುಟುಕಾಗಿ ಉತ್ತರಿಸಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ.

ನಕ್ಷತ್ರ ಕೊಡುವವರು ಕೋಚ್‌ಗಳಲ್ಲ. ರೈವಲ್ಸ್, 247ಸ್ಪೋರ್ಟ್ಸ್, ಇಎಸ್‌ಪಿಎನ್ ಇವೆಲ್ಲ ಮಾಧ್ಯಮ ಸಂಸ್ಥೆಗಳು. ಅಲ್ಲಿನ ವಿಶ್ಲೇಷಕರಿಗೆ ಯಾರಿಗೂ ಸ್ಕಾಲರ್‌ಶಿಪ್ ಕೊಡುವ ಅಧಿಕಾರವಿಲ್ಲ. ಹೈಸ್ಕೂಲ್ ಫುಟ್‌ಬಾಲ್ ಆಡುವ ಹುಡುಗರು ದೇಶದಲ್ಲಿ ಸುಮಾರು 10 ಲಕ್ಷ ಇರುವಾಗ ಎಲ್ಲರ ಆಟವನ್ನೂ ನೋಡುವುದು ಅವರಿಂದ ಆಗದ ಮಾತು. ಐದು ನಕ್ಷತ್ರಗಳನ್ನಂತೂ 247ಸ್ಪೋರ್ಟ್ಸ್ ವರ್ಷಕ್ಕೆ ಸುಮಾರು 32 ಮಂದಿಗಷ್ಟೇ ಕೊಡುತ್ತದೆ, ಏಕೆಂದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಮೊದಲ ಸುತ್ತಿನಲ್ಲಿರುವುದು 32 ಆಯ್ಕೆಗಳು. ಇನ್ನು, ನಕ್ಷತ್ರ ಬಂದ ಮೇಲೆ ಕಾಲೇಜಿನ ಸ್ಕಾಲರ್‌ಶಿಪ್ ಆಫರ್ ಬರುತ್ತದೆ ಎಂದು ನೀವೆಲ್ಲ ಭಾವಿಸಿದ್ದೀರಿ. ಎಷ್ಟೋ ಸಲ ನಡೆಯುವುದು ಇದರ ತಿರುಗುಮುರುಗು. ಸಂತೆಯಲ್ಲಿ ಜನ ಮುತ್ತಿದ ಅಂಗಡಿಗೇ ಮತ್ತಷ್ಟು ಜನ ನುಗ್ಗುವಂತೆ, ದೊಡ್ಡ ಕಾಲೇಜೊಂದು ಆಫರ್ ಕೊಟ್ಟ ಸುದ್ದಿ ಹಬ್ಬಿದ ಮೇಲೆ ವಿಶ್ಲೇಷಕರು ಆ ಹುಡುಗನ ವಿಡಿಯೊ ಹುಡುಕಿ ನೋಡುತ್ತಾರೆ.

ಉದಾಹರಣೆಗೆ, ಎನ್‌ಎಫ್‌ಎಲ್ ಆಟಗಾರ ಜಾಶ್ ಆ್ಯಲನ್ ಕ್ಯಾಲಿಫೋರ್ನಿಯದ ಫೈರ್‌ಬಾ ಎಂಬ ಸಣ್ಣ ಕೃಷಿ ಊರಿನವರು. ಹೈಸ್ಕೂಲು ಮುಗಿದಾಗ ಹತ್ತಿರದ ಫ್ರೆಸ್ನೊ ಸ್ಟೇಟ್ ಕೂಡ ಅವರಿಗೆ ಸ್ಕಾಲರ್‌ಶಿಪ್ ಕೊಡಲಿಲ್ಲ. ರೀಡ್ಲಿಯ ಜೂನಿಯರ್ ಕಾಲೇಜಿನಲ್ಲಿ (ಹೈಸ್ಕೂಲಿನ ನಂತರದ ಎರಡು ವರ್ಷದ ಕಾಲೇಜು) ಆಡುತ್ತ, ದೇಶದ ನಾನಾ ಕೋಚ್‌ಗಳಿಗೆ ಇಮೇಲ್ ಕಳಿಸುತ್ತ ಹೋದವರನ್ನು ಕೊನೆಗೆ ವಯೋಮಿಂಗ್ ವಿಶ್ವವಿದ್ಯಾಲಯ ಕರೆದುಕೊಂಡಿತು. 2018ರ ಡ್ರಾಫ್ಟಿನಲ್ಲಿ ಬಫಲೊ ಬಿಲ್ಸ್ ತಂಡ ಅವರನ್ನು 7ನೆಯ ಆಯ್ಕೆಯಾಗಿ ತೆಗೆದುಕೊಂಡಿತು, 2024ರ ಸೀಸನ್ನಿನಲ್ಲಿ ಅವರು ಲೀಗಿನ ಅತ್ಯಮೂಲ್ಯ ಆಟಗಾರ (ಎಂವಿಪಿ) ಆದರು. ಮುಂದೆ ಎನ್‌ಎಫ್‌ಎಲ್‌ನ ಹೆಸರಾಂತ ರಕ್ಷಣಾ ಆಟಗಾರರಾದ, ಎರಡು ನಕ್ಷತ್ರದ ಜೆ.ಜೆ. ವಾಟ್ ಅವರೋ ಸೆಂಟ್ರಲ್ ಮಿಷಿಗನ್ನಿನ ಸ್ಕಾಲರ್‌ಶಿಪ್ ಬಿಟ್ಟು ವಿಸ್ಕಾನ್ಸಿನ್‌ನಲ್ಲಿ ಹಣಕಾಸಿನ ನೆರವಿಲ್ಲದ ವಾಕ್-ಆನ್ ಆಗಿ ಸೇರಿದವರು.

ಈ ಕಥೆಗಳನ್ನು ಕೇಳಿ ‘ಹಾಗಾದರೆ ನಕ್ಷತ್ರವೆಲ್ಲ ಬೂಟಾಟಿಕೆ’ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಐದು ನಕ್ಷತ್ರದ ಹುಡುಗ ಡ್ರಾಫ್ಟಿನವರೆಗೆ ತಲುಪುವ ಸಂಭವ ಮೂರು ನಕ್ಷತ್ರದವನಿಗಿಂತ ಎಷ್ಟೋ ಪಾಲು ಹೆಚ್ಚು. ಡ್ರಾಫ್ಟಿನಲ್ಲಿ ಮೂರು ನಕ್ಷತ್ರದವರು ಅಷ್ಟೊಂದು ಮಂದಿ ಕಾಣುವುದು ಅವರ ಒಟ್ಟು ಸಂಖ್ಯೆಯೇ ದೊಡ್ಡದಾಗಿರುವುದರಿಂದ. ನಕ್ಷತ್ರವಿದ್ದರೆ ಯಾರೋ ನೋಡಿದ್ದಾರೆ ಎಂದು ತಿಳಿಯಬಹುದು. ಇಲ್ಲದಿದ್ದರೆ ಹುಡುಗನಲ್ಲಿ ಕೊರತೆಯಿದೆ ಎಂದು ತೀರ್ಮಾನಿಸಲಾಗದು.

ಮಗನ ದಾರಿಗೆ ನಿಜವಾಗಿ ಅಡ್ಡ ಬಂದಿರುವುದು 2018ರಲ್ಲಿ ಆರಂಭವಾದ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವ ಕಾಲೇಜು ಆಟಗಾರರ ಹೆಸರಿರುವ ಪಟ್ಟಿ. ಕಾಲೇಜು ಮಟ್ಟದಲ್ಲಿ ಆಡಿ ಪಳಗಿದ ಇಪ್ಪತ್ತೊಂದರ ಯುವಕ ಸಿಗುವಾಗ ಹದಿನೇಳರ ಹುಡುಗನಿಗಾಗಿ ಕಾಯುವ ತಾಳ್ಮೆ ಕೋಚ್‌ಗಳಲ್ಲಿ ಕಡಿಮೆಯಾಗಿದೆ. ಆದ್ದರಿಂದ ಆಟದ ವಿಡಿಯೊ ಹಂಚುವ ಹಡಲ್ ಎಂಬ ಜಾಲತಾಣದಲ್ಲಿ ಮೂರು ನಾಲ್ಕು ನಿಮಿಷದ ವಿಡಿಯೊ ಹಾಕಿ, ಒಳ್ಳೆಯ ಆಟವನ್ನು ಮೊದಲಿಗೇ ಇಟ್ಟು, ಅಂಕಪಟ್ಟಿಯೊಡನೆ ಅವನೇ ಕೋಚ್‌ಗಳಿಗೆ ಬರೆಯಲಿ, ನೀವಲ್ಲ. ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ರ ಕೋಚ್‌ಗಳು ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಹುಡುಗನಿಗೆ ಪತ್ರ ಬರೆಯುವಂತಿಲ್ಲ. ಹುಡುಗ ಅವರಿಗೆ ಬರೆಯಲು ಅಂಥ ನಿರ್ಬಂಧವೇನೂ ಇಲ್ಲ.

ಇಷ್ಟು ಬರೆದ ಮೇಲೆ, ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಮೂರನೆಯ ಹಂತವಾದ ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ ಎಂದ ಕೂಡಲೇ ನಮ್ಮವರು ಅತ್ತ ತಿರುಗಿಯೂ ನೋಡುವುದಿಲ್ಲ. ಮಗ ಸೇರಲಿ ಎಂದು ನೀವು ಹಂಬಲಿಸುವ ಎಂಐಟಿ, ಜಾನ್ಸ್ ಹಾಪ್ಕಿನ್ಸ್, ಶಿಕಾಗೊ ವಿಶ್ವವಿದ್ಯಾಲಯಗಳು ಫುಟ್‌ಬಾಲ್ ಆಡುವುದು ಅದೇ ಡಿವಿಷನ್ 3ರಲ್ಲಿ. ಮುಂದೆ ಹೈಸ್‌ಮನ್ ಎಂದು ಹೆಸರಾದ, ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿಯನ್ನು 1935ರಲ್ಲಿ ಮೊಟ್ಟಮೊದಲು ಗೆದ್ದ ಜೇ ಬರ್ವಾಂಗರ್ ಶಿಕಾಗೊದವರೇ. ಇಂಥ ಹಲವು ಕಾಲೇಜುಗಳ ಕೋಚ್‌ಗಳು ತಮಗೆ ಬೇಕಾದ ಹುಡುಗನ ಅಂಕಪಟ್ಟಿಯನ್ನು ಪ್ರವೇಶ ಕಚೇರಿಗೆ ಮುಂಚಿತವಾಗಿ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಅದನ್ನು ಮಾಡಿಸುವಂತೆ ನಿಮ್ಮ ಮಗ ಕೋಚ್ ಅವರನ್ನು ಧಾರಾಳವಾಗಿ ಕೇಳಬಹುದು.