ಗೂಢಚಾರನಿಗೆ ಕಿತ್ತಳೆಯೇ ಬೇಕಿತ್ತು, ನಿಂಬೆ ಸಾಲದಾಗಿತ್ತು

ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುವ ಯಾವ ಗೂಢಚಾರ ಕಾದಂಬರಿಯನ್ನಾದರೂ ಕೈಗೆತ್ತಿಕೊಳ್ಳಿ. ಉರಿಯುವ ಒಂದು ಮೇಣದಬತ್ತಿ, ಒಂದು ಖಾಲಿ ಹಾಳೆ, ಅದರ ಮೇಲೆ ನಿಧಾನಕ್ಕೆ ಕಂದುಬಣ್ಣದಲ್ಲಿ ಮೂಡುವ ಅಕ್ಷರ, ಇಷ್ಟಂತೂ ಇದ್ದೇ ಇರುತ್ತದೆ. ನಾಯಕ ಅದನ್ನು ಓದುತ್ತಾನೆ, ಮಡಿಚಿ ಮತ್ತೆ ಅರಗು ಒತ್ತುತ್ತಾನೆ, ಏನೂ ಆಗಿಲ್ಲವೆಂಬಂತೆ ಮುಂದಕ್ಕೆ ಕಳಿಸುತ್ತಾನೆ. ಕಾದಂಬರಿಕಾರ ಎಡವುವುದು ಇಲ್ಲೇ. ಕಾಯಿಸಿದ ಕಾಗದ ಮತ್ತೆ ಖಾಲಿಯಾಗುವುದಿಲ್ಲ. ಆ ಕಾಲದ ನಿಜವಾದ ಗೂಢಚಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿತ್ತಷ್ಟೇ ಅಲ್ಲ, ಅದನ್ನೇ ಅವರು ಬೀಗವಾಗಿ ಬಳಸಿಕೊಂಡರು.

ಬರಹವನ್ನು ಬಚ್ಚಿಡುವುದು ಆಗ ದೊಡ್ಡ ವಿದ್ಯೆಯೇನೂ ಆಗಿರಲಿಲ್ಲ. ಹಾಲಿನಲ್ಲಿ ಬರೆದು, ಇದ್ದಿಲ ಪುಡಿ ಉದುರಿಸಿ ಓದುವ ಉಪಾಯವನ್ನು ರೋಮಿನ ಕವಿ ಓವಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಪ್ರೇಮಿಗಳಿಗೆ ಹೇಳಿಕೊಟ್ಟಿದ್ದ. ಇಟಲಿಯ ಡೆಲ್ಲಾ ಪೋರ್ಟಾನ ಲ್ಯಾಟಿನ್ ಗ್ರಂಥ 1658ರಲ್ಲಿ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಗುಪ್ತ ಬರಹಕ್ಕೆಂದೇ ಒಂದು ಭಾಗವಿತ್ತು. ಹೀಗೆ ಅಚ್ಚಾದ ಗುಟ್ಟು ಸೆರೆಮನೆಯ ಅಧಿಕಾರಿಗೂ ಗೊತ್ತಿರುತ್ತದೆ. ಕೈದಿಯ ಚೀಟಿ ಸಿಕ್ಕರೆ ಅವನು ಮೊದಲು ಮಾಡುವ ಕೆಲಸವೇ ಅದನ್ನು ಬೆಂಕಿಗೆ ಹಿಡಿಯುವುದು. ಆದ್ದರಿಂದ ಪತ್ರ ಕಳಿಸುವವನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು: ದಾರಿಯಲ್ಲಿ ಯಾರಾದರೂ ಓದಿದರೆ, ಓದಿದ್ದಾರೆಂದು ನನ್ನವರಿಗೆ ತಿಳಿಯುವುದು ಹೇಗೆ?

ಇದಕ್ಕೆ ಸೊಗಸಾದ ಉತ್ತರ ಕೊಟ್ಟವನು ಜಾನ್ ಜೆರಾರ್ಡ್ ಎಂಬ ಜೆಸ್ಯೂಟ್ ಪಾದ್ರಿ. ಅವನೇನೂ ಗೂಢಚಾರನಲ್ಲ. ಆದರೆ ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿ ಇರುವುದೇ ರಾಜದ್ರೋಹವಾಗಿದ್ದ ಕಾಲದಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿರಲಿಲ್ಲ. 1597ರಲ್ಲಿ ಅವನನ್ನು ಲಂಡನ್ನಿನ ಕೋಟೆ ಸೆರೆಮನೆಯಾದ ಟವರ್‌ನಲ್ಲಿಟ್ಟು, ಕೈಗೆ ಕೋಳ ತೊಡಿಸಿ ತೂಗುಹಾಕಿದರು. ಬೆರಳುಗಳು ಮತ್ತೆ ಸ್ವಾಧೀನಕ್ಕೆ ಬರಲು ವಾರಗಳೇ ಹಿಡಿದವು. ಆಮೇಲೆ ಅವನು ಕಾವಲುಗಾರನ ಕೈಯಲ್ಲಿ ಕಿತ್ತಳೆ ತರಿಸಿಕೊಂಡ. ಸಿಪ್ಪೆಯಿಂದ ಪುಟ್ಟ ಶಿಲುಬೆಗಳನ್ನು ಕತ್ತರಿಸಿ ಜಪಮಾಲೆ ಕಟ್ಟಿದ, ರಸವನ್ನು ಒಂದು ಪಾತ್ರೆಯಲ್ಲಿ ಉಳಿಸಿಕೊಂಡ. ಜಪಮಾಲೆ ಸುತ್ತಿದ ಕಾಗದದ ಮೇಲೆ ಇದ್ದಿಲಿನಿಂದ ನಾಲ್ಕು ಸಾಧಾರಣ ಮಾತು ಬರೆದು, ಉಳಿದ ಜಾಗದಲ್ಲಿ ಕಿತ್ತಳೆ ರಸದಿಂದ ನಿಜವಾದ ವಿಷಯ ಬರೆದ. ಅದೇ ವರ್ಷದ ಅಕ್ಟೋಬರ್ 4ರ ರಾತ್ರಿ ಕಂದಕದ ಮೇಲೆ ಕಟ್ಟಿದ ಹಗ್ಗ ಹಿಡಿದು ಪರಾರಿಯಾದ. ಆ ಪಲಾಯನದ ಏರ್ಪಾಡಿನ ಹಿಂದೆ ಇಂಥ ಪತ್ರಗಳಿದ್ದವು.

ನಿಂಬೆ ಬಿಟ್ಟು ಕಿತ್ತಳೆ ಯಾಕೆ ಎಂಬುದನ್ನು ಅವನು ಮುಂದೆ ತನ್ನ ಆತ್ಮಕಥನದಲ್ಲಿ ಬಿಡಿಸಿ ಹೇಳಿದ್ದಾನೆ. ನಿಂಬೆ ರಸದ ಅಕ್ಷರ ಬೆಂಕಿಗೂ ಕಾಣುತ್ತದೆ, ನೀರಿಗೂ ಕಾಣುತ್ತದೆ. ನೀರಿನಲ್ಲಿ ಅದ್ದಿ ಓದಿ, ಒಣಗಿಸಿದರೆ ಅಕ್ಷರ ಮತ್ತೆ ಮರೆ. ಓದಿದವನ ಸುಳಿವೇ ಉಳಿಯದು. ಕಿತ್ತಳೆ ಹಾಗಲ್ಲ. ನೀರು ಬಿದ್ದರೆ ಬರಹ ತೊಳೆದುಹೋಗುತ್ತದೆ, ಬೆಂಕಿಗೆ ಹಿಡಿದರೆ ಎದ್ದು ಕಾಣುತ್ತದೆ, ಕಂಡದ್ದು ಹಾಗೇ ನಿಲ್ಲುತ್ತದೆ. ನಿಂಬೆಗೆ ಎರಡು ಬಾಗಿಲು. ಕಿತ್ತಳೆಗೆ ಒಂದೇ, ಅದೂ ಒಮ್ಮೆ ತೆರೆದರೆ ಮುಚ್ಚಿಕೊಳ್ಳದ ಬಾಗಿಲು. (ಬೆಂಕಿಯಿಂದ ಮೂಡಿದ ನಿಂಬೆಯ ಅಕ್ಷರವೂ ಮರೆಯಾಗುತ್ತದೆ ಎಂಬಂತೆ ಜೆರಾರ್ಡ್ ಬರೆದಿರುವುದನ್ನು ಮಾತ್ರ ರಸಾಯನಶಾಸ್ತ್ರ ಒಪ್ಪುವುದಿಲ್ಲ. ಮರೆಯಾಗುವುದು ನೀರಿನಲ್ಲಿ ಕಂಡದ್ದು ಮಾತ್ರ.)

ನೀರಿನ ಬಾಗಿಲನ್ನು ಮೊದಲು ನೋಡೋಣ. ಅಂದಿನ ಕಾಗದ ಹಳೆಯ ನಾರುಬಟ್ಟೆಯಿಂದ ಮಾಡಿದ್ದು. ಶಾಯಿ ಹರಡದಿರಲೆಂದು ಅದಕ್ಕೆ ತೊಗಲಿನ ತುಂಡು ಬೇಯಿಸಿ ತೆಗೆದ ಜೆಲಟಿನ್ ಸರಿ ಹಚ್ಚುತ್ತಿದ್ದರು. ಪಂಚೆಗೆ ಗಂಜಿ ಹಾಕುವ ಹಾಗೆ ಅಂದುಕೊಳ್ಳಿ. ಗಂಜಿ ಕೆಟ್ಟ ಕಡೆ ನೀರು ಬೇಗ ಒಳಗಿಳಿಯುತ್ತದೆ. ನಿಂಬೆಯ ಹುಳಿ ಮುಟ್ಟಿದ ಗೆರೆಗಳಲ್ಲಿ ಆಗುವುದೂ ಇದೇ. ಒಣ ಕಾಗದ ಬೆಳ್ಳಗೆ ಕಾಣಲು ಕಾರಣ ನಾರು ನಾರಿನ ನಡುವಿನ ಗಾಳಿ. ನಾರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.5, ಗಾಳಿಯದು 1. ಈ ಅಂತರದಿಂದ ಬೆಳಕು ಚದುರುತ್ತದೆ. ಗಾಳಿಯ ಜಾಗಕ್ಕೆ 1.33ರ ನೀರು ಬಂದರೆ ಅಂತರ ಕಡಿಮೆಯಾಗಿ ಕಾಗದ ಅರೆಪಾರದರ್ಶಕವಾಗುತ್ತದೆ. ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಎಣ್ಣೆ ಇಳಿದ ಕಡೆ ಆಚೆಗಿನ ಬೆಳಕು ಕಾಣುವುದಿಲ್ಲವೇ, ಹಾಗೆ. ನೀರು ಆರಿದರೆ ಗಾಳಿ ವಾಪಸ್, ಬಿಳುಪೂ ವಾಪಸ್.

ಬೆಂಕಿಯ ಬಾಗಿಲಿಗೆ ವಾಪಸ್ ಎಂಬುದಿಲ್ಲ. ‘ರಸದಲ್ಲಿರುವ ಇಂಗಾಲ ಆಮ್ಲಜನಕದ ಜೊತೆ ಸೇರಿ ಕಂದಾಗುತ್ತದೆ’ ಎಂಬ ವಿವರಣೆ ಎಲ್ಲೆಲ್ಲೂ ಓಡಾಡುತ್ತಿದೆ. ಇಂಗಾಲ ಆಮ್ಲಜನಕ ಪೂರ್ತಿ ಸೇರಿದರೆ ಸಿಗುವುದು ಬಣ್ಣವಿಲ್ಲದ ಅನಿಲ! ಅದು ಅಕ್ಷರ ಬರೆಯುತ್ತದೆಯೇ? ನಡೆಯುವುದು ಬೇರೆ. ಕಾಗದದ ಸೆಲ್ಯುಲೋಸ್ ಎಂದರೆ ಗ್ಲುಕೋಸ್ ಮಣಿಗಳ ಉದ್ದನೆಯ ಸರ. ಸಿಟ್ರಿಕ್ ಆಮ್ಲ ಈ ಸರದ ದಾರವನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಕತ್ತರಿಸಿಯೂ ತಾನು ಖರ್ಚಾಗುವುದಿಲ್ಲ, ಹತ್ತು ಮದುವೆ ಕುದುರಿಸಿಯೂ ಒಂಟಿಯಾಗಿಯೇ ಉಳಿಯುವ ದಲ್ಲಾಳಿಯಂತೆ. ಬಿಸಿ ಏರಿದಂತೆ ಕತ್ತರಿಸಿದ ತುಂಡುಗಳಿಂದಲೂ ರಸದ ಸಕ್ಕರೆಯಿಂದಲೂ ನೀರಿನ ಅಣುಗಳು ಕಳಚಿಕೊಳ್ಳುತ್ತವೆ. ನೀರು ಹೋದ ಜಾಗದಲ್ಲಿ ಇಂಗಾಲದ ಜೋಡಿ ಬಂಧಗಳು ಸಾಲಾಗಿ ನಿಲ್ಲುತ್ತವೆ. ಈ ಸಾಲು ನೀಲಿ ಬೆಳಕನ್ನು ನುಂಗುತ್ತದೆ, ಉಳಿದದ್ದು ನಮಗೆ ಕಂದಾಗಿ ಕಾಣುತ್ತದೆ. ಬೆಲ್ಲದ ಪಾಕ ಹದ ಮೀರಿ ಸೀದರೆ ನೀರು ಹೊಯ್ದು ಮತ್ತೆ ಬೆಲ್ಲ ಮಾಡಲು ಬರುತ್ತದೆಯೇ? ಅಲ್ಲಿರುವ ಅಣುಗಳೇ ಈಗ ಬೇರೆ. ದೋಸೆ ಹಿಟ್ಟಿಗೆ ಚಿಟಿಕೆ ಸಕ್ಕರೆ ಹಾಕಿದರೆ ಅದೇ ಕಾವಲಿ, ಅದೇ ಉರಿ, ಆದರೂ ಬೇಗ ಕೆಂಪಗಾಗುತ್ತದೆ. ಹಾಗೆಯೇ ರಸ ಸೋಕಿದ ಗೆರೆ ಮೊದಲು ಕಂದಾಗುತ್ತದೆ, ಸುತ್ತಲಿನ ಕಾಗದ ಆಮೇಲೆ. ಈ ‘ಮೊದಲು’ ಮತ್ತು ‘ಆಮೇಲೆ’ಗಳ ನಡುವಿನ ಸಣ್ಣ ಸಂದಿಯಲ್ಲೇ ಇಡೀ ಗುಪ್ತಲೇಖನ ನಿಂತಿದೆ.

ಇದೇ ಹುಳಿಯನ್ನು ನಂಬಿ ನಮ್ಮಲ್ಲಿ ಪವಾಡಗಳೂ ನಡೆಯುತ್ತವೆ. ಮಂತ್ರಿಸಿದ ನಿಂಬೆಹಣ್ಣು ಕೊಯ್ದರೆ ‘ರಕ್ತ’ ಬರುವುದು ಚಾಕುವಿಗೆ ಮೊದಲೇ ಸವರಿದ ಮೀಥೈಲ್ ಆರೆಂಜ್ ಆಮ್ಲಕ್ಕೆ ಕೆಂಪಾಗುವುದರಿಂದ. ಪತ್ತೇದಾರಿ ಕಥೆ ಓದುವಾಗ ‘ಹೇಗೆ’ ಎಂದು ಕೇಳುವವರು ಇಲ್ಲಿ ಮಾತ್ರ ಕೈಮುಗಿದು ನಿಲ್ಲುವುದು ವಿಚಿತ್ರ.

ಮಾಡಿ ನೋಡುವವರು ಸೋಲುವುದು ಸಾಮಾನ್ಯವಾಗಿ ಮೂರು ಕಡೆ. ಮೊದಲನೆಯದು, ರಸ ಸೋಸದೇ ಇರುವುದು. ತಿರುಳು ಒಣಗಿ ಹೊಳೆಯುವ ಗೆರೆಯಾಗುತ್ತದೆ, ಓರೆ ಬೆಳಕಿಗೆ ಹಿಡಿದರೆ ಎಲ್ಲ ಬಯಲು. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಎರಡನೆಯದು, ಶಾಯಿ ಕಂಡ ನಿಬ್ಬು ಅಥವಾ ಚೂಪಾದ ಮೊನೆ. ಗೀರು ಬಿದ್ದ ಕಾಗದವನ್ನು ಯಾವ ರಸವೂ ಕಾಪಾಡದು. ಮೃದುವಾದ ಬ್ರಷ್ ಸಾಕು. ಬರೆದ ಮೇಲೆ ಅರ್ಧ ಗಂಟೆ ಗಾಳಿಗೆ ಆರಲಿ. ಮೂರನೆಯದು ಕಾವು. ಹಳೆಯ ಪಠ್ಯಪುಸ್ತಕಗಳು ‘ಬಲ್ಬಿನ ಬಳಿ ಹಿಡಿಯಿರಿ’ ಎನ್ನುತ್ತವೆ. ಅದು 100 ವ್ಯಾಟ್ ತಂತಿ ಬಲ್ಬಿನ ಕಾಲದ ಮಾತು, ಎಲ್‌ಇಡಿ ಬಲ್ಬಿಗೆ ಆ ಕಾವಿಲ್ಲ. ಮೇಣದಬತ್ತಿಯಾದರೆ ಮಸಿ ಹತ್ತುತ್ತದೆ, ಕಾಗದವೇ ಹೊತ್ತಿಕೊಳ್ಳಲೂಬಹುದು. ಇಸ್ತ್ರಿಪೆಟ್ಟಿಗೆಯೇ ವಾಸಿ. ಹಬೆ ಬೇಡ, ಉಣ್ಣೆಯ ಗುರುತಿನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಮಕ್ಕಳಿದ್ದರೆ ಪೆಟ್ಟಿಗೆ ದೊಡ್ಡವರ ಕೈಯಲ್ಲಿರಲಿ. ಇಷ್ಟಾದರೂ ಅಕ್ಷರ ಪೇಲವವಾಗಿ ಬಂದರೆ ಕಾಗದವನ್ನು ಅನುಮಾನಿಸಿ. ಇಂದಿನ ಜೆರಾಕ್ಸ್ ಹಾಳೆಯಲ್ಲಿ ಬಿಳುಪಿಗೆಂದು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿರುತ್ತಾರೆ. ಅದು ನಿಮ್ಮ ಹುಳಿಯಲ್ಲಿ ಒಂದಷ್ಟನ್ನು ತಿಂದುಹಾಕುತ್ತದೆ. ನೀರಿನ ಪರೀಕ್ಷೆಗಂತೂ ಜೆಲಟಿನ್ ಹಚ್ಚಿದ ಕಾಗದವೇ ಬೇಕು. ಕಿತ್ತಳೆಯೂ ಬೇರೆ: ಜೆರಾರ್ಡನ ಕಾಲದಲ್ಲಿ ಲಂಡನ್ನಿಗೆ ಹೆಚ್ಚಾಗಿ ಬರುತ್ತಿದ್ದುದು ಸ್ಪೇನಿನ ಹುಳಿ ಕಿತ್ತಳೆ. ನಾಗಪುರದ ಸಿಹಿ ಹಣ್ಣು ಅದರಂತೆಯೇ ನಡೆದುಕೊಳ್ಳಬೇಕೆಂದಿಲ್ಲ.

ಕಾವೇ ಬೇಡದ ದಾರಿಯೂ ಇತ್ತು. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು (ಕಬ್ಬಿಣದ ಒಂದು ಲವಣ) ನೀರಿನಲ್ಲಿ ತೆಳ್ಳಗೆ ಕರಗಿಸಿ ಬರೆದು, ಆಮೇಲೆ ಮಾಚಿಕಾಯಿ ನೆನೆಸಿದ ನೀರು ಸವರಿದರೆ ಅಕ್ಷರ ಕಪ್ಪಗೆ ಏಳುತ್ತದೆ. ಇವೆರಡನ್ನು ಗೋಂದಿನ ಜೊತೆ ಬೆರೆಸಿದರೆ ಸಿಗುವುದು ಆ ಕಾಲದ ಮಾಮೂಲಿ ಶಾಯಿ. ಗೂಢಚಾರ ಮಾಡಿದ್ದು ಶಾಯಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಓದುವವನ ಬಳಿ ಇಟ್ಟದ್ದು, ಅಷ್ಟೇ.

ಕಿತ್ತಳೆಯ ಬೀಗ ಮುರಿಯಲಾರದ್ದೇ? ಜೆರಾರ್ಡನ ಮೇಲಿನ ಪಾದ್ರಿ ಹೆನ್ರಿ ಗಾರ್ನೆಟ್, ಇಂಗ್ಲೆಂಡಿನ ಸಂಸತ್ತನ್ನು ಸ್ಫೋಟಿಸಲು ಹೂಡಿದ ಗನ್‌ಪೌಡರ್ ಸಂಚಿನ ನಂತರ, 1606ರಲ್ಲಿ ಅದೇ ಟವರ್‌ಗೆ ಬಂದ. ಅವನೂ ಕಿತ್ತಳೆ ರಸದಲ್ಲೇ ಬರೆದ. ಒಂದು ಚೀಟಿ ಅವನ ಕನ್ನಡಕ ಸುತ್ತಿದ ಕಾಗದ. ನಂಬಿದ ಕಾವಲುಗಾರ ಪತ್ರಗಳನ್ನು ನೇರವಾಗಿ ಟವರಿನ ಅಧಿಕಾರಿ ವಿಲಿಯಂ ವಾಡ್ ಕೈಗೆ ಕೊಟ್ಟ. ಕಾಯಿಸಿ ಓದಿದ್ದಾಯಿತು, ಆದರೆ ಓದಿದ ಪತ್ರವನ್ನು ಮುಂದೆ ಕಳಿಸುವಂತಿಲ್ಲ. ಉಳಿದದ್ದು ಒಂದೇ ದಾರಿ: ಮೇಲಿನ ಬರಹ, ಒಳಗಿನ ಬರಹ ಎರಡನ್ನೂ ಅದೇ ಕೈಬರಹದಲ್ಲಿ, ಹೊಸ ಕಾಗದದಲ್ಲಿ, ಹೊಸ ರಸದಲ್ಲಿ ಸೃಷ್ಟಿಸುವುದು. ಇದಕ್ಕೆ ಬೇಕಾದ ಕೈಗಳು ಸರ್ಕಾರದ ಬಳಿ ಇದ್ದವು. ರಾಣಿ ಎಲಿಜಬೆತ್‌ಳನ್ನು ಕೊಲ್ಲಲು ಹೂಡಿದ 1586ರ ಬ್ಯಾಬಿಂಗ್ಟನ್ ಸಂಚಿನ ದಿನಗಳಲ್ಲಿ ಅರಗಿನ ಮುದ್ರೆ ಬಿಡಿಸಿ ಮತ್ತೆ ಕೂರಿಸುತ್ತಿದ್ದ ಆರ್ಥರ್ ಗ್ರೆಗರಿ ಆಗಲೂ ಬದುಕಿದ್ದ, ಇಂಥ ಗುಪ್ತಬರಹದ ಸೇವೆ ಸಲ್ಲಿಸುತ್ತಲೂ ಇದ್ದ. ಗಾರ್ನೆಟ್‌ನನ್ನು 1606ರ ಮೇ 3ರಂದು ಗಲ್ಲಿಗೇರಿಸಿದರು.

ಅರ್ಧ ಶತಮಾನದ ನಂತರ ಇದು ಕೈಚಳಕ ಹೋಗಿ ಕಚೇರಿ ಕೆಲಸವೇ ಆಯಿತು. ಆಗ ಇಂಗ್ಲೆಂಡನ್ನು ಆಳುತ್ತಿದ್ದ ಕ್ರಾಮ್‌ವೆಲ್‌ನ ಗುಪ್ತಚರ ಮುಖ್ಯಸ್ಥ ಜಾನ್ ಥರ್ಲೋ 1655ರಲ್ಲಿ ಅಂಚೆಯನ್ನೂ ವಹಿಸಿಕೊಂಡ. ಅಂಚೆ ಹೊರಡುವ ರಾತ್ರಿಗಳಲ್ಲಿ ಐಸಾಕ್ ಡೊರಿಸ್ಲಾಸ್ ಎಂಬವನು ಪಕ್ಕದ ಖಾಸಗಿ ಕೋಣೆಯಲ್ಲಿ ಕೂತು ಹನ್ನೊಂದರಿಂದ ಬೆಳಗಿನ ಜಾವದವರೆಗೆ ಪತ್ರ ಬಿಚ್ಚುತ್ತಿದ್ದ. ಥರ್ಲೋನ ಸಹಾಯಕನಾಗಿದ್ದ ಸ್ಯಾಮ್ಯುಯೆಲ್ ಮೋರ್ಲಂಡ್ ಇನ್ನೂ ಮುಂದೆ ಹೋಗಿ ಪತ್ರ ತೆರೆಯಲು, ಮುದ್ರೆ ನಕಲು ಮಾಡಲು, ಪುಟಗಳನ್ನು ಕ್ಷಿಪ್ರವಾಗಿ ಪ್ರತಿ ಮಾಡಲು ಯಂತ್ರಗಳನ್ನೇ ಕಟ್ಟಿದ. 1664ರಲ್ಲಿ ದೊರೆ ಎರಡನೇ ಚಾರ್ಲ್ಸ್ ಖುದ್ದಾಗಿ ಬಂದು ನೋಡಿದ. 1666ರ ಲಂಡನ್ ಬೆಂಕಿಯಲ್ಲಿ ಅವೆಲ್ಲ ಸುಟ್ಟುಹೋದವು.

ಆ ವೇಳೆಗೆ ಸಂಕೇತಾಕ್ಷರಗಳೂ ರೂಢಿಯಲ್ಲಿದ್ದವು. ಅದೇ 1666ರಲ್ಲಿ ಆಂಟ್ವರ್ಪ್‌ಗೆ ಗೂಢಚಾರಳಾಗಿ ಹೋದ ಲೇಖಕಿ ಆಫ್ರಾ ಬೆನ್ ಪತ್ರಗಳಲ್ಲಿ ಬರೀ 160 ಎಂಬ ಅಂಕಿ. ಆದರೆ ಸಂಕೇತ ಬಿಡಿಸಲು ಆಕ್ಸ್‌ಫರ್ಡಿನಲ್ಲಿ ಜಾನ್ ವಾಲಿಸ್ ಕೂತಿದ್ದ. ಅನಂತಕ್ಕೆ ∞ ಗುರುತು ಕೊಟ್ಟ ಗಣಿತಜ್ಞನೇ ಇವನು. ಸಂಕೇತ ಬಿಡಿಸಿದರೆ ಕಾಗದದ ಮೇಲೆ ಯಾವ ಕಲೆಯೂ ಉಳಿಯುವುದಿಲ್ಲ. ಕಿತ್ತಳೆಗಿಂತ ಅದು ಕೆಳಗಾಗುವುದು ಇಲ್ಲೇ.

ಕಿತ್ತಳೆಯ ಹತ್ತಿರದ ಸಂಬಂಧಿಯೆಂದರೆ ಮಡಿಕೆಯ ಬೀಗ. ಹಾಳೆಯ ಅಂಚಿನಿಂದ ಸಣ್ಣ ಪಟ್ಟಿ ಕತ್ತರಿಸಿ, ಮಡಿಚಿದ ಪತ್ರದ ಸೀಳಿನಲ್ಲಿ ಅದನ್ನೇ ಹೊಲಿದಂತೆ ತೂರಿಸಿ ಅರಗು ಹಾಕುವುದು. ಪಟ್ಟಿ ಹರಿಯದೆ ಪತ್ರ ತೆರೆಯದು. ಹೇಗ್ ನಗರದ ಅಂಚೆ ಅಧಿಕಾರಿಯ ಪೆಟ್ಟಿಗೆಯೊಂದರಲ್ಲಿ ಬಟವಾಡೆಯಾಗದೆ ಉಳಿದಿದ್ದ ಮಡಿಕೆಯಿಂದಲೇ ಬೀಗ ಹಾಕಿದ 1697ರ ಪತ್ರವೊಂದನ್ನು ವಿಜ್ಞಾನಿಗಳು ಬಿಚ್ಚದೆಯೇ, ಎಕ್ಸ್-ಕಿರಣದಲ್ಲಿ ಪದರ ಪದರವಾಗಿ ಚಿತ್ರಿಸಿ ಓದಿದ್ದಾರೆ. 2021ರಲ್ಲಿ ಅದು ಪ್ರಕಟವಾಯಿತು. ಶಾಯಿಯಲ್ಲಿ ಅನ್ನಭೇದಿಯ ಕಬ್ಬಿಣ ಇದ್ದದ್ದರಿಂದ ಅಕ್ಷರ ಎದ್ದು ಕಂಡಿತು. ಕಿತ್ತಳೆ ರಸವಿದ್ದಿದ್ದರೆ? ಅದರಲ್ಲಿ ಇರುವುದು ಬಹುಮಟ್ಟಿಗೆ ಕಾಗದದಲ್ಲಿರುವ ಮೂಲವಸ್ತುಗಳೇ. ಆ ಯಂತ್ರದ ಕಣ್ಣಿಗೆ ಹಾಳೆ ಹೆಚ್ಚುಕಡಿಮೆ ಖಾಲಿ.

ನಿಂಬೆಯನ್ನೇ ನಂಬಿದವರು ಆಮೇಲೂ ಇದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನಿಂದ ಜರ್ಮನಿಗೆ ಸುದ್ದಿ ಕಳಿಸುತ್ತಿದ್ದ ಕಾರ್ಲ್ ಮುಲ್ಲರ್ ಬಳಿ ಸಿಕ್ಕ ಸಾಕ್ಷ್ಯಗಳಲ್ಲಿ ಒಂದು ನಿಂಬೆಹಣ್ಣೂ ಇತ್ತು. 1915ರ ಜೂನ್ 23ರಂದು ಅವನನ್ನು ಗುಂಡಿಟ್ಟು ಕೊಂದದ್ದು ಅದೇ ಟವರ್‌ನಲ್ಲಿ. ಒಣಗಿ ಕಪ್ಪಾದ ಆ ನಿಂಬೆಹಣ್ಣು ಈಗ ಬ್ರಿಟನ್ನಿನ ರಾಷ್ಟ್ರೀಯ ದಫ್ತರದಲ್ಲಿದೆ. ಗಾರ್ನೆಟ್‌ನ ಕಿತ್ತಳೆ ಪತ್ರಗಳೂ ಅಲ್ಲೇ ಇವೆ.